ಮಲಕಪ್ಪನ ಹೆಸರಿಲ್ಲದ ಒಡಪು

ಗುರಮ್ಮನ ಹಾಡುಗಳನ್ನು ಮೊದಲ ಸಲ ಕೇಳಿದಾಗ ಸಂಜುಕುಮಾರ ಭಕ್ತಿಯಿಂದ ಕೈಮುಗಿದಿದ್ದ. ಪ್ರತಿ ಹಾಡಿನ ಕೊನೆಯಲ್ಲೂ ‘ಮಲಕಪ್ಪ’ ಎಂಬ ಹೆಸರು ಬರುತ್ತಿತ್ತು. ವಚನಕ್ಕೊಂದು ಅಂಕಿತ, ತತ್ವಪದಕ್ಕೊಂದು ಅಂಕಿತ ಎಂದು ಶಾಲೆಯಲ್ಲಿ ಉರು ಹೊಡೆದಿದ್ದ ಜಾಣ ಅವನು. ಮಲಕಪ್ಪನೆಂದರೆ ಯಾವನೋ ದೊಡ್ಡ ಶರಣನೇ ಸೈ ಎಂದು ತೀರ್ಮಾನಿಸಿ, ಮಾದನಹಿಪ್ಪರಗಾಕ್ಕೆ ಬಂದು, ಗುರಮ್ಮನ ಮನೆಯೆದುರು ಚಪ್ಪಲಿ ಬಿಟ್ಟು ನಿಂತ.

“ಅತ್ತಿ, ಮಲಕಪ್ಪ ಮುತ್ಯಾರ ಗದ್ದುಗಿ ಎಲ್ಲಿ ಬರ್ತದ್ರಿ? ಒಂದು ಕಾಯಿ ಒಡಸಬೇಕಂತ ಮಾಡೇನಿ.”

“ಹಿತ್ತಲದಾಗ ಅದಾರ ನೋಡು ನಮ್ಮ ಮನಿಯವ್ರು, ಎಮ್ಮಿ ಮೈ ತೊಳ್ಯಾಕತ್ತಾರ,” ಅಂದಳು ಗುರಮ್ಮ. “ಕಾಯಿ ಗೀಯಿ ಬ್ಯಾಡಪಾ, ಒಂದು ಕಪ್ ಚಾ ಕುಡಸು, ಅಷ್ಟಕ್ಕೇ ಪ್ರಸನ್ನ ಆಗ್ತಾರ.”

ನೆಲೋಗಿಯ ಈ ಸಂಜು ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವವನು. ಮೈಕೊಂದನ್ನು ಕೊಂಡದ್ದೇ ತಡ, ವಿಸಿಟಿಂಗ್ ಕಾರ್ಡಿನಲ್ಲಿ ‘ಸಂಗೀತ ನಿರ್ದೇಶಕ’ ಎಂದು ಅಚ್ಚು ಹಾಕಿಸಿದ್ದ. ಅಲ್ಲಿಯವರೆಗೆ ಅವನು ನಿರ್ದೇಶಿಸಿದ್ದು ಟ್ರ್ಯಾಕ್ಟರುಗಳನ್ನು ಮಾತ್ರ: ಹಿಂದ, ಹಿಂದ, ಇನ್ನಷ್ಟು ಹಿಂದ, ಬಸ್!

ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವ ಊರಲ್ಲ ಅದು. ಲಗ್ನದ ದಿನ ಹೆಂಗಸರು ಹೊಸ್ತಿಲಲ್ಲಿ ಮದುಮಗಳನ್ನು ಅಡ್ಡಗಟ್ಟುತ್ತಾರೆ. ಅವಳು ಪ್ರಾಸ ಕಟ್ಟಿ, ಕೊನೆಗೊಮ್ಮೆ ಗಂಡನ ಹೆಸರು ಉದುರಿಸಿದರೇ ಒಳಗೆ ಪ್ರವೇಶ. ಅದು ಒಡಪು. ನಾಚಿ ಮುದ್ದೆಯಾದ ಮದುಮಕ್ಕಳಿಗೆ ಅದನ್ನು ಕಟ್ಟಿಕೊಡುತ್ತಿದ್ದವಳು ಗುರಮ್ಮ. ಆಳಂದದಿಂದ ಜೇವರ್ಗಿಯವರೆಗೆ ಎಂತೆಂಥ ಗಂಡಂದಿರೋ ಅವಳ ಪ್ರಾಸದಲ್ಲಿ ಚಂದ್ರನಾಗಿ ಹೊಳೆದಿದ್ದರು. ಐವತ್ತು ಹತ್ತಿರವಾದಾಗ ಅವಳಿಗೊಂದು ಯೋಚನೆ ಬಂತು. ಹೊಸ್ತಿಲು ದಾಟುವ ಒಡಪುಗಳು ಬೇಕಾದಷ್ಟಿವೆ. ದಾಟಿ ಒಳಗೆ ಬಂದ ಮೇಲಿನದನ್ನು ಯಾರು ಕಟ್ಟಬೇಕು? ಬೇರೆಯವರ ಗಂಡಂದಿರನ್ನು ಹೊಗಳಿದ್ದು ಸಾಕು, ತನ್ನ ಮಾತಿನದೇ ಒಂದು ಆಲ್ಬಮ್ ಬರಬೇಕು ಎಂಬ ಆಸೆ ಅವಳನ್ನು ಹಿಡಿದುಬಿಟ್ಟಿತು.

ಹಾಗೆ ಹುಟ್ಟಿದವು ಈ ಹಾಡುಗಳು. ಒಂದೇ ಫ್ಯಾನಿನಡಿ ಕೂತು ಎರಡು ಮೊಬೈಲಿನಲ್ಲಿ ಎರಡು ಸೀರಿಯಲ್ ನೋಡುವ ಸಂಸಾರದ್ದೊಂದು. ಮೀಸೆಗೆ ಬಣ್ಣ ಹಚ್ಚಿ ಕಿವಿಯ ಕೂದಲು ಮರೆತವನದೊಂದು. ಮೊದಲು ಬಿಡುಗಡೆಯಾದದ್ದು ಇದು:

“ಕನ್ನಡಕ ಹುಡುಕತಾರ ಮನಿ ತುಂಬ, ನೆತ್ತಿ ಮ್ಯಾಲ ಕುಂತದ ಗಪ್ಪ,
ನಾ ಹೇಳಂಗಿಲ್ಲ, ಹುಡುಕಲಿ ಸಂಜಿತನ ನಮ್ಮ ಮಲಕಪ್ಪ.”

ಆಲ್ಬಮ್ಮಿನ ಕೆಲಸ ಹೊತ್ತ ಸಂಜು ಅವಳ ಮನೆಯ ಜೋಳದ ಕೋಣೆಯ ಗೋಡೆಗೆಲ್ಲ ಕೌದಿ ತೂಗುಬಿಟ್ಟು ಸ್ಟುಡಿಯೋ ಮಾಡಿದ್ದ. ಒಳಗೆ ಕುದಿಯುವ ಸೆಕೆ. “ನಿರ್ದೇಶಕರ, ಹಾಡಾಕತ್ತಾಕಿ ನಾ, ಬೆವರಾಕತ್ತಾಂವ ನೀ. ಏನಿದು?” ಎಂದು ಗುರಮ್ಮ ನಗುತ್ತಿದ್ದಳು.

ಹಾಡು ಮೊಬೈಲಿನಿಂದ ಮೊಬೈಲಿಗೆ ಓಡಿತು. ಚಹಾದ ಹೋಟೆಲಿನಲ್ಲಿ ಅಬ್ದುಲ್ ಗನಿ ಕಪ್ಪು ಇಡುತ್ತಲೇ, “ಮಲಕಪ್ಪಣ್ಣ, ಕನ್ನಡಕ ಸಿಕ್ತೇನ್ರಿ?” ಅಂದ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವ ಮುನ್ನ ಮಲಕಪ್ಪನ ನೆತ್ತಿ ನೋಡಿದ. ಮಲಕಪ್ಪ ಉರಿದುಕೊಂಡು ಮನೆಗೆ ಬಂದ.

“ನನ್ನ ಇಜ್ಜತ್ ಪೂರಾ ಹೋತು! ಎಲ್ಲಾ ಹಾಡ್ನಾಗೂ ಹೆಸರು ತಗೀಬೇಕು. ಇಲ್ಲಂದ್ರ ಆಲ್ಬಮ್ ಬಂದ್!”

ಗುರಮ್ಮನ ಮುಖ ಬಾಡಿತು. “ಒಡಪಿನಾಗ ಹೆಸರೇ ತಗದ್ರ ಏನ್ರಿ ಉಳೀತದ?”

“ಅದು ನಿನ್ನ ಕರ್ಮ.”

ಸಂಗೀತ ನಿರ್ದೇಶಕರು ಈ ಹೊತ್ತಿನಲ್ಲಿ ಧೈರ್ಯವಾಗಿ ಕೌದಿಯ ಹಿಂದೆ ನಿಂತಿದ್ದರು. ಆಮೇಲೆ ಹೊರಗೆ ಬಂದು, ಗುರಮ್ಮನ ಮುಖ ನೋಡದೆ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಹಾಡಿನಿಂದ ಮಲಕಪ್ಪನನ್ನು ಕತ್ತರಿಸಿ ತೆಗೆದರು. ಪರೀಕ್ಷೆಗೆಂದು ಜೋರಾಗಿ ಹಚ್ಚಿದರು.

“...ಹುಡುಕಲಿ ಸಂಜಿತನ ನಮ್ಮ—”

ಮುಂದೆ ಬರೀ ಮೌನ.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನೆರೆಮನೆಯ ರೇವಮ್ಮ ತಲೆಯೆತ್ತಿದಳು. “ನಮ್ಮ ಯಾರ ಬೇ? ಹೇಳ! ಯಾರಂವ?”

“ಹೆಸರಿಲ್ಲ ಅಂದ್ರ ಏನೋ ಅದ,” ಅಂದಳು ಪಕ್ಕದಲ್ಲಿದ್ದ ಅವಳ ಸೊಸೆ ಪಲ್ಲವಿ. “ಕಂಡಕ್ಟರ ಇರಬೇಕು.” ಅಷ್ಟರಲ್ಲಿ ಮೀಸೆಯ ಹಾಡು ಶುರುವಾಗಿತ್ತು.

“ಹಟ್! ಕಂಡಕ್ಟರಗ ಮೀಸಿ ಎಲ್ಲದ? ಲೈನ್‌ಮನ್ ಇದ್ದಾನು!”

ಅತ್ತೆ ಸೊಸೆ ಮೊರದ ಅಕ್ಕಿ ಚೆಲ್ಲುವಂತೆ ನಕ್ಕರು. ಮಲಕಪ್ಪನ ಕಿವಿ ಕೆಂಪಗಾಯಿತು. ಒಂದು ಹಾಡು ತಡೆದ, ಎರಡನೆಯದರಲ್ಲಿ ಎದ್ದೇಬಿಟ್ಟ.

“ಕನ್ನಡಕ ನಂದು! ಮೀಸಿ ನಂದು! ಫ್ಯಾನು ನಾನೇ ಕೂಡ್ಸಿದ್ದು! ನಡುವ ಆ ಲೈನ್‌ಮನ್ ಎಲ್ಲಿಂದ ಬಂದ? ಹಾಕಲೇ ಸಂಜ್ಯಾ, ನನ್ನ ಹೆಸರು! ಎಲ್ಲಾದ್ರಾಗೂ ಹಾಕು! ಜೋರ್ ಇಡು!”

ಸಂಜುವಿನ ಬೆರಳು ಅಷ್ಟು ಚುರುಕಾಗಿ ಯಾವತ್ತೂ ಓಡಿರಲಿಲ್ಲ. ಗುರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು.

ಎಲ್ಲ ಹಾಡುಗಳಲ್ಲೂ ಹೆಸರು ಮರಳಿ ಕೂತದ್ದನ್ನು ಕೇಳಿಸಿಕೊಂಡ ಮೇಲೆ ಮಲಕಪ್ಪ ಮೆತ್ತಗಾದ. ಹೆಂಡತಿಯ ಪಕ್ಕಕ್ಕೆ ಬಂದು ಕೂತ. ಸ್ವಲ್ಪ ಹೊತ್ತು ಕೌದಿಯ ದಾರ ಎಳೆಯುತ್ತಿದ್ದು, ಎಲ್ಲರೆದುರೇ ಕೇಳಿಬಿಟ್ಟ:

“ಅಲ್ಲ ಬೇ, ಇಷ್ಟು ವರ್ಷ ಸಂಸಾರ ಮಾಡಿದಿ. ನಂದೊಂದಾದ್ರೂ ಚೊಲೋ ಗುಣ ಕಾಣಲೇ ಇಲ್ಲೇನು ನಿನಗ?”

ರೇವಮ್ಮನ ಕೈ ಅಕ್ಕಿಯಲ್ಲೇ ನಿಂತಿತು. ಸಂಜು ಲ್ಯಾಪ್‌ಟಾಪಿನೊಳಗೆ ಇಳಿದುಹೋಗಲು ಜಾಗ ಹುಡುಕಿದ.

“ಭಾಳ ಕಂಡಾವ್ರಿ,” ಅಂದಳು ಗುರಮ್ಮ. “ಅವು ಹಾಡಿಗಿ ಕೆಲಸಕ್ಕ ಬರಂಗಿಲ್ಲ.”