ಎಡಗಡೆಯ ಗಾಲಿಯ ತುಕ್ಕು

ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ನನ್ನ ಮಾವನವರ ಮೊಣಕೈಯಿಂದ ತೆಂಗಿನಕಾಯಿ ನೀರು ತೊಟ್ಟಿಕ್ಕುತ್ತಿತ್ತು. ಅವರ ಹಣೆಗೆ ಮೂರು ಬೆರಳು ವಿಭೂತಿ, ಹಳೆಯ ಕಾರಿನ ಮೂತಿಗೂ ಅಷ್ಟೇ. ಕಾರಿಗೆ ಕೊಡಗಟ್ಟಲೆ ನೀರು ಸುರಿದು ತೊಳೆದು, ಮುಂದಿನ ಎಡಗಡೆಯ ಗಾಲಿಗೆ ಕಾಯಿ ಒಡೆದು, ಆ ನೀರನ್ನೂ ಗಾಲಿಯ ಮೇಲೇ ಬಿಡುವರು. ಆಮೇಲೆ ಆ ದಿನವೆಲ್ಲ ಗಾಡಿ ಅಂಗಳ ಬಿಟ್ಟು ಕದಲುವಂತಿಲ್ಲ. ‘ಅದಕ್ಕೂ ಒಂದಿನ ಸೂಟಿ ಬ್ಯಾಡೇನು?’ ಎನ್ನುವರು. ಮನೆಯಲ್ಲಿ ಯಾರಿಗೂ ಇಂಥ ಉಪಚಾರವಿಲ್ಲವೆಂದು ಅತ್ತೆ ಆಡಿ ತೋರಿಸುತ್ತಿದ್ದರು.

ನನಗೆ ಕಾರು ಕಲಿಸಿದವರೂ ಅವರೇ. ಶಹಾಪುರದ ಬಜಾರದಲ್ಲಿ ಸೊಸೆ ಗಾಡಿ ಹೊಡೆಯುವುದೇ ಎಂದು ಮೂಗು ಮುರಿದವರಿಗೆ, ‘ನಿಮಗಿಂತ ಸೀದಾ ಹೋಗ್ತಾಳ ಬಿಡ್ರಿ’ ಎಂದು ಬಾಯಿ ಮುಚ್ಚಿಸಿದ್ದರು. ದೋರನಹಳ್ಳಿಯ ಶಾಲೆಗೆ ಪಾಠ ಹೇಳಲು ಮಗಳನ್ನೂ ಕೂರಿಸಿಕೊಂಡು ದಿನಾ ಹೋಗಿಬರುತ್ತಿದ್ದೆ.

ಒಮ್ಮೆ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯತೊಡಗಿತು. ಮಿಸ್ತ್ರಿ ಮುಂದಿನ ಎರಡೂ ಗಾಲಿ ಬಿಚ್ಚಿ, ಎಡಗಡೆಯ ಬ್ರೇಕ್ ಹಿಡಿಯುವ ಕ್ಯಾಲಿಪರ್ ತೋರಿಸಿದ. ‘ಬಲಗಡೀದಕ್ಕ ಬರೇ ಮ್ಯಾಲಿನ ತುಕ್ಕು, ತಿಕ್ಕಿದ್ರ ಹೋಗ್ತದ್ರಿ. ಇದು ಒಳಗೇ ಹಿಡಕೊಂಡದ, ಬದಲಿ ಮಾಡಬೇಕು. ಇದೊಂದಕ್ಕೇ ಇಷ್ಟ್ಯಾಕ ನೀರು ಬಿದ್ದಾವ?’

ಮಾವನವರ ಮುಖ ಸಪ್ಪಗಾಯಿತು. ‘ತುಕ್ಕಿಗೆ ಅಂಜಾವ್ರು ಗಾಡಿ ಇಡಬಾರದು’ ಎಂದು ಎದ್ದುಹೋದರು. ದುಡ್ಡಿನ ಮಾತಲ್ಲ. ತಾನು ಮಾಡಿದ ಪೂಜೆಯೇ ಗಾಡಿಯನ್ನು ತಿಂದಿತೆಂದು ಯಾರು ತಾನೇ ಒಪ್ಪುತ್ತಾರೆ? ನನಗೂ ಸಿಟ್ಟು ಬಂತು. ‘ಬದಲಿ ಮಾಡೋತನಾ ಕೂಸಿನ್ನ ಇದರಾಗ ಕೂಡಸಂಗಿಲ್ರಿ, ಮಾವಾರ’ ಎಂದೆ.

ಆ ವಾರವೇ ಅವರು ಒಬ್ಬರೇ ಸುರಪುರದ ಕಡೆ ಕಾರು ಹೊಡೆದುಕೊಂಡು ಹೋಗಿ ಬಂದರು. ನೋಡಿದರೆ ಬೆರಳ ತುದಿ ಬೊಬ್ಬೆ ಎದ್ದಿದೆ. ಬ್ರೇಕ್ ಹಿಡಿದೇ ಇದ್ದು ಕಾದಿದ್ದ ಗಾಲಿಯನ್ನು ಮುಟ್ಟಿ ನೋಡಿದ್ದರು. ‘ಸುಡಾಕತ್ತದ, ಯವ್ವಾ. ಬದಲಿ ಮಾಡಸು. ಕೂಸು ಕೂಡ್ತದ ಅದರಾಗ.’

ಹೊಸದು ಹಾಕಿಸಿದೆವು. ಅಲ್ಲಿಂದಾಚೆ ಅವರು ಕಾರಿನ ಹತ್ತಿರ ಸುಳಿಯಲಿಲ್ಲ. ಪೂಜೆ ಬಿಡಬೇಡಿ, ಕಾಯಿ ದೂರ ಒಡೆಯಿರಿ ಸಾಕು ಎಂದು ನಾನೇ ಗೋಗರೆದೆ. ‘ಬ್ಯಾಡವ್ವಾ, ನನ್ನ ಕೈ ಅದಕ್ಕ ಆಗಿ ಬರಲಿಲ್ಲ’ ಎಂದರು. ನಾನು ಹೇಳಿದ್ದು ಸರಿಯೇ ಇತ್ತು, ಆದರೂ ಗೆದ್ದವಳಿಗೆ ಅನ್ನ ಇಳಿಯಲಿಲ್ಲ. ಮಾವನವರು ಬೇರೆ ಊರಿಗೆ ಹೋಗುವುದಿದ್ದರೂ ಬಸ್ಸಿಗೇ ನಡೆದು ಹೋಗುತ್ತಿದ್ದರು.

ಎದೆ ಹಿಡಿದುಕೊಂಡು ಬಿದ್ದ ದಿನ ಅವರನ್ನು ಅದೇ ಕಾರಿನಲ್ಲಿ ಮಲಗಿಸಿಕೊಂಡು ಯಾದಗಿರಿಗೆ ಹೊರಟೆ. ಜೋರು ಹೊಡೆಯಲು ಧೈರ್ಯವಾಗಲಿಲ್ಲ. ಇನ್ನೂ ಭೀಮಾ ನದಿಯ ಸೇತುವೆ ಮುಟ್ಟಿರಲಿಲ್ಲ. ಹಿಂದಿನಿಂದ ಅವರ ದನಿ ಕೇಳಿತು: ‘ಅಂಜಬ್ಯಾಡವ್ವಾ, ಜೋರ ಹೊಡಿ. ಬ್ರೇಕ್ ಗಟ್ಟಿ ಅವ ಈಗ.’

ಜೋರಾಗಿಯೇ ಹೊಡೆದೆ. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ, ‘ಬಂದ್ವಿ, ಮಾವಾರ’ ಎಂದು ತಿರುಗಿದೆ. ಅವರು ಹೋಗಿಬಿಟ್ಟಿದ್ದರು.