ಬಾಡಿಗೆ ಒಂದು ಸಪ್ಲಿಮೆಂಟ್

ಈ ವಾರ ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಬೇಕಾದರೆ ಬರೆದು ಕೊಡುತ್ತೇನೆ. (ಬರೆದೇ ಕೊಡುತ್ತಿದ್ದೇನಲ್ಲ, ಮರೆತೆ.)

ನಾನು ಪುಷ್‌ಅಪ್ ಹೊಡೆಯುವುದನ್ನು ನೋಡಿ ಪಕ್ಕದ ಮನೆಯ ಗೌರಾ ಕಾಕು ಕೈಮುಗಿದು ನಿಂತುಬಿಟ್ಟರು.

ನನ್ನ ಶಕ್ತಿಗಲ್ಲ. ನನ್ನ ಭಕ್ತಿಗೆ.

ನಮ್ಮ ಮನೆ ಇರುವುದು ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯೊಳಗೆ. ಬಾಡಿಗೆ ಮನೆ. ಹೆಸರಿಗೆ ಬಾಡಿಗೆ, ಆದರೆ ನನ್ನ ಬಾಡಿಗೆ ಅಂತ ಅದರಲ್ಲಿ ಗೇಣು ಜಾಗವಿಲ್ಲ. ಒಬ್ಬ ಮನುಷ್ಯ ಉದ್ದಕ್ಕೆ ಬೋರಲು ಬೀಳುವಷ್ಟು ನೆಲ ಇರುವುದು ದೇವರ ಜಗಲಿಯ ಮುಂದೆ ಮಾತ್ರ. ದಿನಾ ಬೆಳಿಗ್ಗೆ ನಾನು ಅಲ್ಲೇ ಬಿದ್ದು ಏಳುತ್ತಿದ್ದೆ. ಬೀಳುವುದು ಚೆನ್ನಾಗಿಯೇ ಬರುತ್ತಿತ್ತು. ಏಳುವುದು ಇನ್ನೂ ಪ್ರ್ಯಾಕ್ಟೀಸ್‌ನಲ್ಲಿತ್ತು.

ಮೊಸರಿಗೆ ಹೆಪ್ಪು ಕೇಳಲು ಬಂದ ಕಾಕು ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದರು: "ದೀಡ ನಮಸ್ಕಾರ ಹಾಕ್ಲಾಕತ್ತಾನೇನ್ರಿ ನಿಮ್ಮ ಹುಡುಗ? ಈ ವಯಸ್ಸಿನ್ಯಾಗ ಎಷ್ಟ್ ಭಕ್ತಿ ನೋಡ್ರಿ. ನಮ್ಮವ ಮೊಬೈಲ್ ಬಿಟ್ಟು ತಲಿ ಎತ್ತಂಗಿಲ್ಲ."

ಅವ್ವ ಅದನ್ನು ತಿದ್ದಲಿಲ್ಲ. ಓಣಿಯಲ್ಲಿ ಒಬ್ಬ ಭಕ್ತನ ತಾಯಿ ಅನ್ನಿಸಿಕೊಳ್ಳುವ ಚಾನ್ಸ್ ಯಾರಾದರೂ ಬಿಡುತ್ತಾರಾ? ಸಂಜೆ ಹೊತ್ತಿಗೆ ನಾನು ಹರಕೆ ಹೊತ್ತಿದ್ದೇನೆ ಅನ್ನುವ ಸುದ್ದಿ ಗುಡಿಯ ಮುಂದಿನ ಹೂವಿನ ಅಂಗಡಿ ಮುಟ್ಟಿತ್ತು.

ಹರಕೆ ಇತ್ತು, ಸುಳ್ಳಲ್ಲ. ಆದರೆ ಅದು ಕಬಡ್ಡಿಯ ಹರಕೆ.

ನಮ್ಮ ಕಾಲೇಜಿನ ಟೀಮ್‌ನಲ್ಲಿ ನನಗೆ ಜಾಗ ಬೇಕು. ಬೇಕು ಅಂದರೆ ಹೊಟ್ಟೆ ಹಸಿದವನಿಗೆ ರೊಟ್ಟಿ ಬೇಕು ಅನ್ನುತ್ತಾರಲ್ಲ, ಹಾಗೆ. ನಾನು ಬಾಯಿಬಡುಕ, ಅದು ನಿಮಗೆ ವಾರ ವಾರ ಗೊತ್ತಾಗಿಯೇ ಇದೆ. ಎಲ್ಲದಕ್ಕೂ ಉಪ್ಪು ಖಾರ ಹಚ್ಚಿಯೇ ಹೇಳುವವನು. ಆದರೆ ಗೆರೆ ದಾಟಿ ರೈಡ್‌ಗೆ ಹೋದಾಗ ಹಚ್ಚುವುದಕ್ಕೆ ಏನೂ ಇರುವುದಿಲ್ಲ. ಅಲ್ಲಿ ಇರುವುದೇ ಒಂದು ಮಾತು, ಕಬಡ್ಡಿ. ಅದೊಂದನ್ನೇ ಹೇಳಿಕೊಂಡು ಮುಟ್ಟಿ ಬಂದರೆ ಖರೇ ಪಾಯಿಂಟ್. ಜೀವನದಲ್ಲಿ ನಾನು ಖರೇ ಗಳಿಸಿದ್ದು ಅಷ್ಟೇ.

ಕಳೆದ ವರ್ಷ ಪಿ.ಟಿ. ಸರ್ ನನ್ನನ್ನು ಎಕ್ಸ್‌ಟ್ರಾ ಲಿಸ್ಟಿನಲ್ಲೂ ಇಡಲಿಲ್ಲ. "ಹುಡುಗ ಚುರುಕದಾನ, ಆದ್ರ ಹಿಡಿದ್ರ ಕೈಯಾಗ ಚಡ್ಡಿ ಅಷ್ಟೇ ಸಿಗ್ತದ, ಹುಡುಗ ಸಿಗಂಗಿಲ್ಲ," ಅಂದರು. ಇಡೀ ಮೈದಾನ ನಕ್ಕಿತು. ಆಮೇಲೆ ಹತ್ತಿರ ಕರೆದು, ಬೇಸಿಗೆ ರಜೆಯಲ್ಲಿ ಮೈಯೊಳಗೆ ಒಂದಿಷ್ಟು ತಾಕತ್ತು ತುಂಬಿಕೊಂಡು ಬಾ, ಕಾಲೇಜು ಶುರುವಾದ ವಾರವೇ ಸೆಲೆಕ್ಷನ್ ಇದೆ, ನಿನ್ನನ್ನು ನೋಡುತ್ತೇನೆ ಅಂತ ಮಾತು ಕೊಟ್ಟರು.

ಅಪ್ಪನದು ಒಂದೇ ಕಂಡಿಷನ್. ಫಸ್ಟ್ ಪಿಯು ಪಾಸಾದರೆ ಆಡು, ನಾಪಾಸಾದರೆ ಕಬಡ್ಡಿ ಬಂದ್. ಪಾಸಾದೆ. (ಮಾರ್ಕ್ಸ್ ಕೇಳಬೇಡಿ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತಾ, ನಿಂತುಕೊಂಡು ಬಂದೆಯಾ ಅಂತ ಊರು ಮುಟ್ಟಿದ ಮೇಲೆ ಯಾರಾದರೂ ಕೇಳುತ್ತಾರಾ?)

ಹಾಗಾಗಿ ಉಳಿದ ಪ್ರಶ್ನೆ ಒಂದೇ. ತಾಕತ್ತು ತುಂಬುವುದು ಮನೆಯಲ್ಲೋ, ಜಿಮ್‌ನಲ್ಲೋ?

ಮೊದಲು ಮನೆ. ಭಕ್ತಿಯ ಎಪಿಸೋಡ್ ಆದ ಮೇಲೆ ಜಗಲಿ ಬಿಟ್ಟು ಅಡುಗೆಮನೆಗೆ ಶಿಫ್ಟ್ ಆದೆ. ಡಂಬೆಲ್ ಇರಲಿಲ್ಲ, ತೊಗರಿಬೇಳೆಯ ಚೀಲ ಇತ್ತು. ಕಲಬುರಗಿಯ ಹುಡುಗ ತೊಗರಿ ಎತ್ತದೆ ಇನ್ನೇನು ಎತ್ತಬೇಕು? ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ತಾಳಕ್ಕೆ ಸರಿಯಾಗಿ ನಾನು ಚೀಲ ಎತ್ತುವುದು, ಇಳಿಸುವುದು. ಎಂಥ ಮ್ಯೂಸಿಕ್ ಅಂತೀರಿ. ರೊಟ್ಟಿ ಹರಿಯಲಿಲ್ಲ. ಚೀಲ ಹರಿಯಿತು.

ಬೇಳೆ ಹೋಗದ ಜಾಗವಿಲ್ಲ. ಗ್ಯಾಸ್ ಸಿಲಿಂಡರಿನ ಕೆಳಗೆ, ಹಿಟ್ಟಿನ ಪರಾತಕ್ಕೆ, ನನ್ನ ಅಂಗಿಯ ಜೇಬಿಗೂ. ಅವ್ವ ಬಯ್ಯಲಿಲ್ಲ, ಒಂದು ಮರ ಕೈಗೆ ಕೊಟ್ಟಳು. ಇಡೀ ಮಧ್ಯಾಹ್ನ ಕಲಬುರಗಿಯ ಆ ಬಿಸಿಲಿನಲ್ಲಿ, ಕರೆಂಟು ಬೇರೆ ಹೋಗಿ, ಕುಕ್ಕರುಗಾಲಲ್ಲಿ ಕೂತು ಬೇಳೆ ಕೇರಿದೆ. (ಜಿಮ್‌ನಲ್ಲಿ ಇದನ್ನೇ ಸ್ಕ್ವಾಟ್ ಅಂತಾರಂತೆ.) ಮರುದಿನ ನಳದಲ್ಲಿ ನೀರು ಬಂತು. ವ್ಯಾಯಾಮ ಬೇಕಾದವನು ಕೊಡ ಹೊರು ಅಂತ ಅವ್ವನ ಆರ್ಡರ್. ಹೊತ್ತೆ. ನಮ್ಮ ಮನೆಯ ನೀರು ತುಂಬಿ, ಕಾಕುವಿನ ಮನೆಯದೂ ತುಂಬಿ, ಮೇಲಿನ ಮಾಲಕರ ಮನೆಯದೂ ತುಂಬಿ ಕನ್ನಡಿಯ ಮುಂದೆ ನಿಂತು ತೋಳು ಮಡಚಿದೆ. ತೋಳು ಇದ್ದಷ್ಟೇ ಇತ್ತು. ಬೆನ್ನು ಮಾತ್ರ ಅಜ್ಜನದಾಗಿತ್ತು.

ಸರಿ, ಜಿಮ್.

ಸೂಪರ್ ಮಾರ್ಕೆಟ್ ಕಡೆ ಹೊಸದೊಂದು ಜಿಮ್ ಶುರುವಾಗಿತ್ತು, ಮೊದಲ ವಾರ ಪುಕ್ಕಟೆ. ಹೋಗಿ ನೋಡಿ ಬಾ, ಆಮೇಲೆ ಯಾವುದು ಬೇಕೋ ಡಿಸೈಡ್ ಮಾಡು ಅಂತ ಅಪ್ಪನೇ ಬಿಟ್ಟರು. ಒಳಗೆ ಹೋದರೆ ನಾಲ್ಕೂ ಗೋಡೆಗೆ ಕನ್ನಡಿ. ಮನೆಯಲ್ಲಿ ಒಬ್ಬನೇ ಸಣಕಲ ಇದ್ದ. ಇಲ್ಲಿ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸಣಕಲರ ಜಾತ್ರೆ. ಉಳಿದವರ ತೋಳು ನನ್ನ ತೊಡೆಗಿಂತ ದಪ್ಪ. ಒಬ್ಬ ನನ್ನನ್ನು ನೋಡಿ, ಟವೆಲ್ ಇಡುವ ಸ್ಟ್ಯಾಂಡ್ ಇರಬೇಕು ಅಂತ ತನ್ನ ಟವೆಲ್ಲನ್ನು ನನ್ನ ಹೆಗಲ ಮೇಲೆ ಹಾಕಿಯೇ ಹೋದ. (ಇದನ್ನು ಸ್ವಲ್ಪ ಹಿಗ್ಗಿಸಿದ್ದೇನೆ. ಟವೆಲ್ ಹಿಡಿದುಕೋ ಅಂತ ಕೊಟ್ಟ. ಎರಡೂ ಒಂದೇ ಅಲ್ಲವೇ?)

ಅಲ್ಲಿನ ಟ್ರೈನರ್ ಸಲೀಂ ಸರ್. ಮೊದಲ ದಿನ ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಕೈಗೆ ಬರೀ ರಾಡ್ ಕೊಟ್ಟರು. ವೇಟ್ ಹಾಕಿಲ್ಲವಲ್ಲ ಸರ್ ಅಂದೆ. ಈ ರಾಡನ್ನು ಎದೆಯಿಂದ ಮೇಲಕ್ಕೆ ಒಯ್ದು ತೋರಿಸು, ಆಮೇಲೆ ವೇಟಿನ ಮಾತು ಅಂದರು. ತೋರಿಸಲಿಲ್ಲ. ರಾಡ್ ನನ್ನ ಎದೆಯ ಮೇಲೆ ಕೂತಿತು, ಏಳಲು ಒಪ್ಪಲಿಲ್ಲ. ಸಲೀಂ ಸರ್ ಎರಡು ಬೆರಳಲ್ಲಿ ಎತ್ತಿಟ್ಟರು.

ಗೋಡೆಯ ಹತ್ತಿರ ಕಪಾಟಿನಲ್ಲಿ ದೊಡ್ಡ ದೊಡ್ಡ ಡಬ್ಬಿಗಳಿದ್ದವು. ಹುಡುಗರು ಅದರೊಳಗಿನ ಪುಡಿಯನ್ನು ಹಾಲಿಗೆ ಹಾಕಿ, ಕಲಸಿ, ಗಟಗಟ ಕುಡಿಯುತ್ತಿದ್ದರು. ಅದಕ್ಕೆ ಸಪ್ಲಿಮೆಂಟ್ ಅನ್ನುತ್ತಾರಂತೆ. ನನಗೂ ಬೇಕಾ ಸರ್ ಅಂತ ಕೇಳಿದೆ.

"ನಕ್ಕೋ ರೇ ಬಾಬಾ," ಅಂದರು ಸಲೀಂ ಸರ್. "ಮನ್ಯಾಗ ಶೇಂಗಾ ತಿನ್ನು, ರೊಟ್ಟಿ ತಿನ್ನು, ಜಲ್ದಿ ಮಲ್ಕೋ. ಸಪ್ಲಿಮೆಂಟ್ ತಗೊಂಡು ಏನ್ ಮಾಡ್ತಿ, ರಾಡ್ ಎತ್ತಲಿಕ್ಕ ಬರವಲ್ದು ನಿನಗ."

ಇದನ್ನು ನೆನಪಿಡಿ. ಸಪ್ಲಿಮೆಂಟ್ ಬೇಡ ಅಂದವರು ಸರ್. ಬೇಕು ಅಂದವನು ನಾನು, ಅದೂ ಕಮಲಾಪುರದಲ್ಲಿ.

ಆ ಭಾನುವಾರ ಅಜ್ಜಿಯ ಮನೆಗೆ ಹೋಗಿದ್ದೆ. ಕಮಲಾಪುರ ಅಂದರೆ ಕೆಂಪು ಬಾಳೆ, ಅಜ್ಜಿ ಅಂದರೆ ಅದನ್ನು ಬಾಯಿಗೆ ತುರುಕುವುದು. ಮಾವನ ಮಗ ಮಲ್ಲು, ನನಗಿಂತ ಸಣ್ಣವನು, ತೋಟದಿಂದ ಎರಡು ಗೊನೆ ಹೆಗಲಿಗೆ ಹಾಕಿಕೊಂಡು ಸಿಳ್ಳೆ ಹೊಡೆಯುತ್ತ ರಸ್ತೆಗೆ ಬಂದ. ಜಿಮ್‌ಗೆ ಹೋಗುವವನು ಒಂದಾದರೂ ಹೊರಬೇಡವೇ? ಹೊತ್ತೆ. ಬದುವಿನ ತನಕ ಗೊನೆ ನನ್ನ ಮೇಲಿತ್ತು. ಬದು ದಾಟುವಾಗ ಕಾಲು ಜಾರಿ ನಾನೂ ಅದೂ ಅಕ್ಕಪಕ್ಕ ಮಲಗಿದೆವು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತರೆ ಮಲ್ಲುವಿನ ನಗು ನಿಲ್ಲಲೊಲ್ಲದು. ಜಿಮ್ಮಿನ್ಯಾಗ ಏನ್ ಕಸ ಹೊಡೀತೀಯೇನೋ ಅಂದ. ನನ್ನಂಥವನು ಸುಮ್ಮನಿರುವುದುಂಟೇ?

"ನಿನಗೇನ್ ತಿಳೀತದಲೇ," ಅಂದೆ. "ಇದು ಹಂಗ ಸುಮ್ಮ ಬರಂಗಿಲ್ಲ. ಸಪ್ಲಿಮೆಂಟ್ ತಗೋಬೇಕಂತ ಹೇಳ್ಯಾರ ನಮ್ಮ ಸರ್."

ಒಳಗೆ ಅಜ್ಜಿ ಕೇಳಿಸಿಕೊಂಡಳು.

ಈಗ ನೀವೇ ಹೇಳಿ, ಈ ಮಾತು ಅಜ್ಜಿಯ ಕಿವಿಗೆ ಹೇಗೆ ಬಿದ್ದಿರಬೇಕು? 'ಸರ್' ಅಂದರೆ ಆಕೆಯ ಪಾಲಿಗೆ ಕಾಲೇಜಿನ ಮಾಸ್ತರು. ಸಪ್ಲಿಮೆಂಟ್ ಅಂದರೇನು ಅಂತ ಎದುರು ಮನೆಯ ಶಾಂತಕ್ಕನನ್ನು ಕೇಳಿದ್ದಾಳೆ. ಶಾಂತಕ್ಕನ ಮಗ ಪಿಯುಸಿಗೆ ವರ್ಷಗಟ್ಟಲೆ ದಂಡಯಾತ್ರೆ ಮಾಡಿದವನು. ಆಕೆಗಿಂತ ಚೆನ್ನಾಗಿ ಆ ಶಬ್ದ ಯಾರಿಗೆ ಗೊತ್ತು? ಸರಕಾರ ಆ ಪರೀಕ್ಷೆಗೆ ಏನು ಹೊಸ ಹೆಸರು ಇಟ್ಟರೇನು, ನಮ್ಮ ಕಡೆ ಜನರ ಬಾಯಲ್ಲಿ ಅದು ಇನ್ನೂ ಸಪ್ಲಿಮೆಂಟ್ರಿಯೇ. ನಾಪಾಸಾದವರು ತಗೋತಾರಲ್ಲ ಯವ್ವಾ, ಅದೇ ಅಂದಳಂತೆ ಶಾಂತಕ್ಕ.

ಅಜ್ಜಿ ಇಡೀ ದಿನ ಉಣ್ಣಲಿಲ್ಲವಂತೆ. ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ಹುಡುಗ ಮೊದಲೇ ನೊಂದಿದ್ದಾನೆ, ಮತ್ತೆ ಯಾಕೆ ಕೆಣಕುವುದು ಅಂತ ಚೀಲಕ್ಕೆ ಇನ್ನಷ್ಟು ಬಾಳೆಹಣ್ಣು ತುಂಬಿ ಕಳಿಸಿದಳು. ನಾನು ಅದನ್ನು ಪ್ರೀತಿ ಅಂದುಕೊಂಡೆ. ಸಂತಾಪ ಅಂತ ಗೊತ್ತಾಗಲಿಲ್ಲ.

ನಮ್ಮ ಅಪ್ಪ ಕಂಡಕ್ಟರ್. ಅವರ ರೂಟ್ ಯಾವುದು ಗೊತ್ತಾ? ಕಲಬುರಗಿ–ಕಮಲಾಪುರ. (ನನ್ನ ಜಾತಕ ಬರೆದವನಿಗೆ ಭೂಗೋಳ ಚೆನ್ನಾಗಿ ಗೊತ್ತಿರಬೇಕು.) ಎರಡು ದಿನ ಬಿಟ್ಟು ಬಸ್ಸು ಕಮಲಾಪುರದಲ್ಲಿ ನಿಂತಾಗ ಅಜ್ಜಿ ಕಿಟಕಿಯ ಕೆಳಗೆ ನಿಂತು, ಹುಡುಗನನ್ನು ಹೊಡೆಯಬೇಡ, ಮತ್ತೊಮ್ಮೆ ಬರೆಯುತ್ತಾನೆ ಅಂತ ಅಪ್ಪನಿಗೆ ಕೈಮುಗಿದು ಹೇಳಿದ್ದಾಳೆ. ತುಂಬಿದ ಬಸ್ಸು. ಟಿಕೆಟ್ ತಗೊಂಡವರು, ತಗೊಳ್ಳದವರು, ಎಲ್ಲರೂ ಕೇಳಿದ್ದಾರೆ. ಕಲಬುರಗಿ ಬರುವ ತನಕ ಸೀಟು ಸೀಟಿನಿಂದ ಸಲಹೆ. ಐಟಿಐಗೆ ಹಚ್ಚಿರಿ ಅಂದವರಿದ್ದರು. ಜಿಮ್, ಕಬಡ್ಡಿ ಅಂತ ಬಿಟ್ಟರೆ ಇದೇ ಗತಿ ಅಂದವರೂ ಇದ್ದರು. ಅಪ್ಪ ಟಿಕೆಟ್ ಹರಿಯುತ್ತಲೇ ಇದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆ ಸಂಜೆ ನಾನು ಜಿಮ್‌ನಲ್ಲಿದ್ದೆ. ಮರುದಿನ ಬೆಳಿಗ್ಗೆ ಸೆಲೆಕ್ಷನ್.

ಇಲ್ಲಿಂದ ಹಿಗ್ಗಿಸುವುದಿಲ್ಲ. ಆ ಸಂಜೆ ರಾಡ್ ಎದ್ದಿತು. ಎರಡೂ ಬದಿಗೆ ಸಣ್ಣ ಸಣ್ಣ ಪ್ಲೇಟ್ ಹಾಕಿದ ಮೇಲೂ ಎದ್ದಿತು. ಹಲ್ಲು ಕಚ್ಚಿದೆ, ಎದ್ದಿತು. ಟವೆಲ್ ಕೊಟ್ಟಿದ್ದ ದಪ್ಪ ತೋಳಿನವನೇ ಬಂದು ಬೆನ್ನು ತಟ್ಟಿದ. ನಾಳೆ ಯಾರಾದರೂ ನಿನ್ನ ಕಾಲು ಹಿಡಿದರೆ ಎಳೆದುಕೊಂಡೇ ಗೆರೆ ಮುಟ್ಟು ಅಂತ ಸಲೀಂ ಸರ್ ಹೇಳಿದರು. ಮುಟ್ಟುತ್ತೇನೆ ಅನ್ನಿಸಿತು. ಈ ಸಲ ಬಾಯಿಗಲ್ಲ, ಕಾಲಿಗೆ ಅನ್ನಿಸಿತು.

ಆಗ ನಾಲ್ಕೂ ಕನ್ನಡಿಯಲ್ಲಿ ಅಪ್ಪ ಬಂದರು.

ಖಾಕಿ ಅಂಗಿ, ಹೆಗಲಿಗೆ ಚೀಲ, ಡ್ಯೂಟಿಯಿಂದ ಸೀದಾ ಬಂದಿದ್ದರು. ಟಿಕೆಟ್ ಇಲ್ಲದವರಿಗೆ ಹೇಳುವ ದನಿಯಲ್ಲಿ, ಇಳಿ ಕೆಳಗೆ ಅಂದರು. ಬೆಂಚಿನಿಂದ ಇಳಿದೆ.

"ಎಷ್ಟ್ ಸಬ್ಜೆಕ್ಟ್ ಹೋಗ್ಯಾವ?"

ನನಗೆ ಅರ್ಥವಾಗಲಿಲ್ಲ. ಪಾಸಾಗಿದ್ದೇನಲ್ಲ ಅಪ್ಪ ಅಂದೆ. ಸುಳ್ಳು ಹೇಳಬೇಡ, ಸಪ್ಲಿಮೆಂಟ್ ತಗೋಬೇಕಂತ ನಿಮ್ಮ ಸರ್ ಹೇಳಿದ್ದಾರಂತೆ, ಇಡೀ ಬಸ್ಸಿಗೆ ಗೊತ್ತು ಅಂದರು. ಆಗ ನನಗೆ ಬೆಳಕಾಯಿತು. ಎಂಥ ಖುಷಿ ಅಂತೀರಿ. ಇಷ್ಟೇನಾ? ಒಂದು ಮಾತಲ್ಲಿ ಬಿಡಿಸಬಹುದಾದ ಗಂಟು. ನಗುತ್ತಲೇ ಬಿಡಿಸಿದೆ.

"ಅದು ಪರೀಕ್ಷಿ ಅಲ್ಲಪ್ಪ. ಸಪ್ಲಿಮೆಂಟ್ ಅಂದ್ರ ಪುಡಿ. ಇಲ್ಲಿ ಹುಡುಗ್ರೆಲ್ಲ ತಗೋತಾರ."

ಅಪ್ಪನ ಮುಖ ನೋಡಿದ ಮೇಲೆ ನನಗೆ ಹೊಳೆಯಿತು. ಅಪ್ಪನ ಬಸ್ಸಿನಲ್ಲಿ ಪುಡಿ ಅಂದರೆ ಹಿಂದಿನ ಸೀಟಿನ ಹುಡುಗರು ದವಡೆಯಲ್ಲಿ ಒತ್ತಿಕೊಳ್ಳುವುದು. ಪೊಲೀಸರು ಕಾಲೇಜಿಗೆ ಬಂದು, ಮಕ್ಕಳ ಜೇಬು ನೋಡುತ್ತಿರಿ ಅಂತ ತಂದೆ ತಾಯಿಗೆ ಹೇಳುತ್ತಾರಲ್ಲ, ಆ ನಶೆಯ ಪುಡಿ. ಸಲೀಂ ಸರ್ ಡಬ್ಬಿ ಹಿಡಿದು ಓಡಿ ಬಂದರು, ಹಾಲಿನ ಪುಡಿ ಇದ್ದಂಗ ರೀ, ನಿಮ್ಮ ಹುಡುಗ ಮುಟ್ಟೂ ಇಲ್ಲ ರೀ ಅಂತ ಹೇಳಿದರು. ಡಬ್ಬಿಯೊಳಗಿನ ಬಿಳೀ ಪುಡಿ ನೋಡಿದ ಮೇಲಂತೂ ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಅಪ್ಪ ಬಯ್ಯುವುದನ್ನು ನೋಡಿದ್ದೇನೆ. ಹಾಗೆ ಕೂತದ್ದನ್ನು ನೋಡಿರಲಿಲ್ಲ.

"ನಾಪಾಸಾದವಗ ಮತ್ತೊಂದು ಪರೀಕ್ಷಿ ಇರ್ತದ ತಮ್ಮ," ಅಂದರು ಮೆತ್ತಗೆ. "ಪುಡಿ ತಗೊಳ್ಳಾವಗ ಏನಿರ್ತದ? ನಡಿ ಮನಿಗಿ. ನಾಳಿಂದ ಜಿಮ್ ಇಲ್ಲ, ಆಟ ಇಲ್ಲ, ಆ ಮೈದಾನದ ಕಡಿ ಹಾಯಂಗಿಲ್ಲ."

ಪ್ರಿಯ ಓದುಗರೇ, ಎರಡು ಸಬ್ಜೆಕ್ಟ್ ಹೋಗಿವೆ ಅಂತ ಅಲ್ಲೇ ಒಪ್ಪಿಕೊಂಡುಬಿಟ್ಟಿದ್ದರೆ, ಅಳುತ್ತಾ ಕಾಲು ಹಿಡಿದು ಬೇಡಿ, ಒಂದೇ ಒಂದು ಬೆಳಿಗ್ಗೆಗಾದರೂ ಕಬಡ್ಡಿ ಉಳಿಸಿಕೊಳ್ಳಬಹುದಿತ್ತಾ?