ರಿಟರ್ನ್ ಹಿಡಿದು ಬೊಲೋನ್ಯಾಕ್ಕೆ

ಕಳೆದ ವಾರ ಬ್ಯಾಂಕಿನ ಕೆಲಸಕ್ಕೆಂದು ಅಪ್ಪನ ಹಿರಿಯ ನಾಗರಿಕರ ಕಾರ್ಡು ಹುಡುಕುತ್ತಿದ್ದೆ. ಅದು ಅವರ ಹಳೆಯ ರೈಲ್ವೆ ಪಾಸಿನ ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿತು. ಕಾರ್ಡಿನ ಬೆನ್ನಿಗೆ ಇನ್ನೊಂದು ಚೀಟಿ ಅಂಟಿಕೊಂಡಿತ್ತು. ಉದ್ದನೆಯದೊಂದು ಟಿಕೆಟು, ಅಚ್ಚಾದ ಅಕ್ಷರಗಳೆಲ್ಲ ಮಾಸಿ ನೆರಳಿನಂತಾಗಿದ್ದವು. ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಯಾರೋ ಗೀಚಿದ ಎರಡು ಸಾಲು, ಒಂದು ಸಮಯ, ಒಂದು ಸಹಿ ಮಾತ್ರ ನಿನ್ನೆ ಬರೆದ ಹಾಗಿದ್ದವು. ಆ ಭಾಷೆ ನನಗೆ ಬಾರದು. ಆದರೂ ಏನು ಬರೆದಿದೆ ಎಂದು ಗೊತ್ತು: ಈ ಇಬ್ಬರು ದಾರಿ ತಪ್ಪಿ ಬಂದಿದ್ದಾರೆ, ಸಂಜೆಯ ರೈಲಿನಲ್ಲಿ ವಾಪಸು ಹೋಗಲು ಬಿಡಿ.

ದಾರಿ ತಪ್ಪಿದ್ದು ಹೇಗೆ ಎಂದು ಹೇಳಬೇಕಾದರೆ ನಿಮಗೆ ‘ರಿಟರ್ನ್’ ಏನೆಂದು ಹೇಳಬೇಕು. ನೀವು ಡೊಂಬಿವಲಿಯವರಾದರೆ ಈ ಪ್ಯಾರಾ ಬಿಟ್ಟುಬಿಡಬಹುದು. ಬೆಳಗ್ಗೆ ಮುಂಬಯಿ ಕಡೆಗೆ ಹೋಗುವ ಲೋಕಲ್ ಕಲ್ಯಾಣದಿಂದ ಹೊರಟು ಡೊಂಬಿವಲಿಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಬುದ್ಧಿವಂತರು ಮೊದಲೇ ಎದುರು ಪ್ಲಾಟ್‌ಫಾರ್ಮಿನಲ್ಲಿ, ಕಲ್ಯಾಣಕ್ಕೆ ಹೋಗುವ ರೈಲು ಹತ್ತುತ್ತಾರೆ. ಅದು ಅಲ್ಲಿ ಖಾಲಿಯಾಗುತ್ತದೆ. ಇವರು ಇಳಿಯದೆ ಕೂತೇ ಇರುತ್ತಾರೆ. ಅದೇ ರೈಲು ತಿರುಗಿ ಮುಂಬಯಿಗೆ ಹೊರಡುತ್ತದೆ. ಮುಂದೆ ಹೋಗಲು ಹಿಂದೆ ಹೋಗುವುದು. ಇಷ್ಟೇ ರಿಟರ್ನ್.

ಅಮ್ಮ ಥಾಣೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಅಪ್ಪ ಡೊಂಬಿವಲಿಯಲ್ಲೇ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮ್ಯಾನೇಜರ್. ಒಂದು ಬೆಳಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಹೊರಗೆ ಇಬ್ಬರೂ ಆಡಿದ ಮಾತು ನನ್ನ ಕಿವಿಗೆ ಬಿತ್ತು.

“ಮೊಣಕಾಲು ತುಂಬ ನೋಯ್ತಾ ಉಂಟು. ಇವತ್ತೊಂದು ದಿನ ರಿಟರ್ನ್ ಹೋಗಿ ನನಗೊಂದು ಸೀಟು ಹಿಡೀತೀರಾ?”

“ಇವತ್ತು ಆಗುದಿಲ್ಲ ಮಾರಾಯ್ತಿ, ಹೋಟೆಲಿಗೆ ಹಾಲಿನವ ಬರುವ ಹೊತ್ತು. ಒಂದು ದಿನ ನಿಂತು ಹೋಗು.”

ಅಮ್ಮ ಲೇಡೀಸ್ ಡಬ್ಬದ ಬಾಗಿಲ ಬಳಿ ನಿಂತು ಹೋದಳು. ದಿವಾ ಸ್ಟೇಷನ್ ದಾಟಿದ ಮೇಲೆ ರೈಲಿನಿಂದ ಬಿದ್ದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಆ ಬೆಳಗಿನ ಎರಡು ಮಾತು ನಾನು ಕೇಳಿದ್ದೆ ಎಂದು ಅಪ್ಪನಿಗೆ ಹೇಳಲಿಲ್ಲ. ಅಪ್ಪನೂ ಆ ಮಾತು ಎತ್ತಲಿಲ್ಲ.

ವರ್ಷದೊಳಗೆ ಅಪ್ಪ ಹೋಟೆಲಿನ ಕೆಲಸ ಬಿಟ್ಟರು. ನನಗೆ ಆಗ ಥಾಣೆಯ ಒಂದು ಟೂರ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮೊದಲ ದಿನವೇ ಅಪ್ಪ, “ನೀನು ಸ್ಟೇಷನ್ನಿಗೆ ಬಾ, ಮೂರನೇ ಡಬ್ಬ, ಜನರಲ್,” ಎಂದು ನನಗಿಂತ ಅರ್ಧ ಗಂಟೆ ಮೊದಲು ಹೊರಟರು. ರೈಲು ಬಂದಾಗ ಅವರು ಕಿಟಕಿ ಬದಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನಾನು ಕೂತೆ. ಆ ನೂಕುನುಗ್ಗಲಿನಲ್ಲಿ ಡೊಂಬಿವಲಿಯಲ್ಲಿ ಅವರಿಗೆ ಇಳಿಯಲು ಸಾಧ್ಯವೇ? ಥಾಣೆಯವರೆಗೆ ನಿಂತು ಬಂದು, ನನ್ನೊಂದಿಗೆ ಇಳಿದು, ಖಾಲಿ ರೈಲಿನಲ್ಲಿ ಒಬ್ಬರೇ ಮನೆಗೆ ಮರಳಿದರು. ನಾಲ್ಕು ವರ್ಷ ಹೀಗೆಯೇ ನಡೆಯಿತು.

ದಿನವೂ ಬರುವ ಗಂಡಸರು ಕೈಹಿಡಿಯಲ್ಲಿ ಜೋತುಬಿದ್ದು ತಮಾಷೆ ಮಾಡುತ್ತಿದ್ದರು. “ಆಲೀ, ಕಾಕಾಂಚೀ ರಾಣಿ ಆಲೀ! ಜಾಗಾ ದ್ಯಾ!” ಬಂದಳು, ಕಾಕಾನ ರಾಣಿ ಬಂದಳು, ಜಾಗ ಬಿಡಿ. ಒಮ್ಮೆ ಒಬ್ಬರು, “ಕಾಕಾ, ಏಕ್ ದಿವಸ್ ಉಭಂ ರಾಹೂ ದ್ಯಾ ಕೀ ತಿಲಾ,” ಎಂದರು. ಒಂದು ದಿನ ನಿಲ್ಲಲಿ ಬಿಡಿ ಅವಳು. ಎಲ್ಲರೂ ನಕ್ಕರು. ಅಪ್ಪನ ಮುಖ ಬಿಳಿಚಿದ್ದು ನಾನು ನೋಡಿದೆ. ನೋಡಿ ಕಿಟಕಿಯ ಕಡೆ ತಿರುಗಿದೆ. ಒಂದು ದಿನವೂ ‘ಬೇಡಪ್ಪ’ ಎಂದವಳಲ್ಲ ನಾನು.

ಟೂರ್ ಕಂಪನಿಯಲ್ಲಿ ನನ್ನ ಕೆಲಸ ವೀಸಾ ಫಾರ್ಮು ತುಂಬುವುದು. ಇಟಲಿಯ ಊರುಗಳ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಗಿರಾಕಿಗಳಿಗೆ “ಫ್ಲಾರೆನ್ಸಿನಲ್ಲಿ ಸಂಜೆಯ ಬೆಳಕು ನೋಡಬೇಕು ಮೇಡಂ” ಎಂದು ಕಂಡವಳ ಹಾಗೆ ವರ್ಣಿಸುತ್ತಿದ್ದೆ. ಕಂಡದ್ದು ಗೋಡೆಯ ಪೋಸ್ಟರ್ ಮಾತ್ರ. ಒಂದು ವರ್ಷ ಯುರೋಪಿನ ಗುಂಪಿನಲ್ಲಿ ಕೊನೆಯ ಗಳಿಗೆಗೆ ಎರಡು ಸೀಟು ಖಾಲಿ ಉಳಿದವು. ಯಜಮಾನರು, “ಖಾಲಿ ಹೋಗುವ ಬದಲು ನೀನೇ ಅಪ್ಪನನ್ನು ಕರಕೊಂಡು ಹೋಗು” ಎಂದರು. ಅಪ್ಪ ಮೊದಲು ಕೇಳಿದ್ದು, “ಕಿಟಕಿ ಬದಿಯದ್ದಾ?”

ಬಸ್ಸಿನಲ್ಲಿ ಹತ್ತು ದಿನ ಊರೂರು ಸುತ್ತಿ ಇಟಲಿಗೆ ಬಂದೆವು. ಫ್ಲಾರೆನ್ಸಿನಲ್ಲಿ ಉಳಿಯುವುದು ದುಬಾರಿಯೆಂದು ನಮ್ಮನ್ನು ಪಕ್ಕದ ಪ್ರಾತೋ ಎಂಬ ಊರಿನಲ್ಲಿ ಇಳಿಸಿದ್ದರು. ಮರುದಿನ ಎಲ್ಲರಿಗೂ ಬಿಡುವು. ಟೂರ್ ಮ್ಯಾನೇಜರ್ ಕೈಗೆ ರೈಲಿನ ಟಿಕೆಟು ಕೊಟ್ಟು, “ಫ್ಲಾರೆನ್ಸ್ ನೋಡಿ ಬನ್ನಿ, ಊಟಕ್ಕೆ ಎಂಟಕ್ಕೆ ಹೋಟೆಲಿನಲ್ಲಿರಿ. ಕಾಕಾ, ಉಧರ್ ಪಾಕೆಟ್‌ಮಾರ್ ಬಹುತ್ ಹೈ” ಎಂದು ಕಿಸೆಗಳ್ಳರ ಬಗ್ಗೆ ಎಚ್ಚರಿಸಿದ. ಅಪ್ಪ ಈ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ ನಮ್ಮಿಬ್ಬರ ಯೂರೋಗಳನ್ನೂ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿಬಿಟ್ಟರು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಪ್ರಾತೋ ಸ್ಟೇಷನ್ನಿನಲ್ಲಿ ಫ್ಲಾರೆನ್ಸ್ ಕಡೆಯ ಪ್ಲಾಟ್‌ಫಾರ್ಮಿನ ತುಂಬ ಆಫೀಸಿಗೆ ಹೋಗುವ ಜನ. ಅಪ್ಪ ಒಮ್ಮೆ ಅವರನ್ನು ನೋಡಿದರು. ಎದುರು ಪ್ಲಾಟ್‌ಫಾರ್ಮಿಗೆ ಒಂದು ರೈಲು ಬಂದು ನಿಂತಿತು, ಅರ್ಧಕ್ಕರ್ಧ ಖಾಲಿ.

“ಬಾ ಬಾ. ರಿಟರ್ನ್ ಹಿಡಿಯುವ.”

“ಅಪ್ಪ, ಇಲ್ಲಿ ಹಾಗೆಲ್ಲ—”

“ರೈಲು ಎಲ್ಲ ಕಡೆಯೂ ರೈಲೇ. ಬಾಗಿಲು ಮುಚ್ತದೆ, ಓಡು!”

ನಾನು ಓಡಿದೆ. ಇದರಲ್ಲಿ ಅಪ್ಪನ ತಪ್ಪು ಅರ್ಧ. ವರ್ಷಗಟ್ಟಲೆ ಇಟಲಿಯ ನಕ್ಷೆ ಹಂಚಿದ ನನ್ನದು ಇನ್ನರ್ಧ. ಎರಡು ಕಿಟಕಿ ಸೀಟು ಸಿಕ್ಕಿದವು. ಅಪ್ಪನಿಗೆ ಗೆದ್ದ ಸಂತೋಷ. ಆಮೇಲೆ ಗುಡ್ಡಗಳು ಬಂದವು, ಆಮೇಲೆ ಸುರಂಗ. “ನಮ್ಮ ಪಾರಸಿಕ್ ಟನೆಲ್ ಇದ್ದ ಹಾಗೆ. ಈಗ ಮುಗೀತದೆ,” ಎಂದರು ಅಪ್ಪ. ಮುಗಿಯಲಿಲ್ಲ. ಕತ್ತಲೆಯಲ್ಲಿ ಕೂತು ಕೂತು ಅಪ್ಪ ಕೊನೆಗೆ ಮೆಲ್ಲನೆ, “ಮಗಾ, ಇದು ಕಲ್ಯಾಣದಲ್ಲಿ ನಿಲ್ಲುವ ಗಾಡಿ ಅಲ್ಲ ಕಾಣ್ತದೆ,” ಎಂದರು.

ಟಿಕೆಟ್ ತಪಾಸಣೆಯವನು ನಮ್ಮ ಟಿಕೆಟು ನೋಡಿದ, ನಮ್ಮನ್ನು ನೋಡಿದ, ಇನ್ನೊಮ್ಮೆ ಟಿಕೆಟು ನೋಡಿದ. ಗಡ್ಡ ಬೆಳ್ಳಗಾದ ಮನುಷ್ಯ. ನಾನು ಕೈ ಕಾಲು ಎಲ್ಲ ಬಳಸಿ ರಿಟರ್ನ್ ಅಂದರೇನೆಂದು ವಿವರಿಸಿದೆ. ಅವನಿಗೆ ಎಷ್ಟು ತಿಳಿಯಿತೋ! ದಂಡ ಹಾಕಲಿಲ್ಲ. ಟಿಕೆಟಿನ ಹಿಂದೆ ಬರೆದುಕೊಟ್ಟು, ಗಡಿಯಾರದಲ್ಲಿ ಐದು ಗಂಟೆಯ ಆಚೆಗೆ ಬೆರಳಿಟ್ಟು ತೋರಿಸಿ, “ಬೊಲೋನ್ಯಾ, ಬೆಲ್ಲಾ” ಎಂದ. ಊರು ಚೆನ್ನಾಗಿದೆ ಎಂದಿರಬೇಕು. ಅಲ್ಲಿ ಇಳಿದೆವು. ಆಗಲೇ ಅಪ್ಪ ಸೂಟ್‌ಕೇಸಿನ ವಿಷಯ ಹೇಳಿದ್ದು.

ಹೀಗೆ ಒಂದು ಹಳೆಯ ಊರು, ಏಳು ಗಂಟೆ ಹೊತ್ತು, ಕೈಯಲ್ಲಿ ನೀರಿನ ಬಾಟಲಿ, ಬೆಳಗಿನ ತಿಂಡಿಯಿಂದ ಕಟ್ಟಿಕೊಂಡ ಎರಡು ಬನ್ನು, ಒಂದು ಪೊಟ್ಟಣ ಚಕ್ಕುಲಿ. ನಾನು ಸಿಟ್ಟಿನಿಂದ ಮುಂದೆ ಮುಂದೆ ನಡೆದೆ. ಆದರೆ ಆ ಊರಿನಲ್ಲಿ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟ. ರಸ್ತೆಯ ಎರಡು ಬದಿಗೂ ಕಂಬಗಳ ಮೇಲೆ ಕಮಾನು ಹೊತ್ತ ಮೊಗಸಾಲೆ. ಒಂದು ಮುಗಿಯುವಲ್ಲಿ ಇನ್ನೊಂದು. ಊರಿಗೆ ಊರೇ ನಡೆದು ಹೋಗುವವರಿಗಾಗಿ ತನ್ನ ಜಗಲಿ ಬಿಟ್ಟುಕೊಟ್ಟಿದೆ. ಬಿಸಿಲು ಇಲ್ಲ, ಟಿಕೆಟು ಇಲ್ಲ, ಯಾರೂ “ಏನು ಬೇಕಿತ್ತು?” ಎಂದು ಕೇಳುವುದಿಲ್ಲ. ಕುಂಕುಮಗೆಂಪು, ಅರಸಿನಗೆಂಪು ಗೋಡೆಗಳ ಕೆಳಗೆ ಅಪ್ಪ ಕೈ ಹಿಂದೆ ಕಟ್ಟಿ ಊರಿನ ಯಜಮಾನರ ಹಾಗೆ ನಡೆದರು.

ಎರಡು ಗೋಪುರಗಳು ಕಂಡವು, ಎರಡೂ ವಾಲಿದಂಥವು. ಅಪ್ಪ ಕತ್ತೆತ್ತಿ ನೋಡಿ, “ನಮ್ಮಲ್ಲಾಗಿದ್ದರೆ ಧೋಕಾದಾಯಕ ಇಮಾರತ್, ಅಪಾಯದ ಕಟ್ಟಡ ಅಂತ ನೋಟಿಸ್ ಅಂಟಿಸ್ತಿದ್ದರು,” ಎಂದರು. ಚೌಕದ ದೊಡ್ಡ ಇಗರ್ಜಿಯ ಎದುರುಗೋಡೆ ಕೆಳಗರ್ಧ ಅಮೃತಶಿಲೆ, ಮೇಲರ್ಧ ಬರೀ ಇಟ್ಟಿಗೆ. “ಬಿಲ್ಡರ್ ಓಡಿಹೋಗಿದ್ದಾನೆ!” ನನಗೆ ನಗು ಬಂತು. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಒಳಗೆ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ. ಮಾಡಿನ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆ ಮಧ್ಯಾಹ್ನಕ್ಕೆ ಸರಿಯಾಗಿ ಆ ಗೆರೆ ದಾಟುತ್ತದೆ. ಅದು ದಾಟುವವರೆಗೆ ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಅಪ್ಪ ತಮ್ಮ ಕೈಗಡಿಯಾರ ಸರಿಮಾಡಿಕೊಂಡರು.

ಪೇಟೆಯ ಗಲ್ಲಿಯೊಂದರಲ್ಲಿ ಗಾಜಿನ ಆಚೆ ಇಬ್ಬರು ಹೆಂಗಸರು ಹಿಟ್ಟಿನ ಸಣ್ಣ ಚೌಕಗಳಲ್ಲಿ ಚಿಟಿಕೆ ಹೂರಣವಿಟ್ಟು, ಬೆರಳಿಗೆ ಸುತ್ತಿ ಮಡಿಸುತ್ತಿದ್ದರು. ಅಪ್ಪ ಅಲ್ಲಿ ಅರ್ಧ ಗಂಟೆ ನಿಂತರು. ಮೂವತ್ತು ವರ್ಷ ಹೋಟೆಲಿನಲ್ಲಿದ್ದವರಿಗೆ ಇದು ದೇವಸ್ಥಾನ. “ಕೈ ವೇಗ ನೋಡು. ಒಂದಾದರೂ ಬಾಯಿ ಬಿಡ್ತದಾ ನೋಡು.” ಆಮೇಲೆ ಕಿಸೆಯಿಂದ ಕರವಸ್ತ್ರ ತೆಗೆದು, ಗಾಜಿನ ಈಚೆಯಿಂದ, ನಾವು ಮೋದಕಕ್ಕೆ ನೆರಿಗೆ ಹಿಡಿಯುವುದು ಹೇಗೆ ಎಂದು ಮಡಿಸಿ ತೋರಿಸಿದರು. ಒಳಗಿನ ಹೆಂಗಸು ನಕ್ಕು, ಇನ್ನೊಬ್ಬಳನ್ನು ಕರೆದು, ಹಿಟ್ಟಿನ ತುಂಡಿಗೆ ಹಾಗೆಯೇ ನೆರಿಗೆ ಹಿಡಿದು ಎತ್ತಿ ತೋರಿಸಿದಳು. ಅಪ್ಪ ತಲೆದೂಗಿದರು. ಅಮ್ಮ ಹೋದ ಮೇಲೆ ಅಪ್ಪನ ಮುಖ ಹಾಗೆ ಅರಳಿದ್ದು ನಾನು ಕಂಡಿರಲಿಲ್ಲ.

ಚೌಕದ ಪಕ್ಕದಲ್ಲಿ ಒಂದು ಹಳೆಯ ಅರಮನೆ. ಅದರ ಕೆಳಗೆ ಎರಡು ದಾರಿ ಕೂಡುವಲ್ಲಿ ನಾಲ್ಕು ಕಂಬ, ಮೇಲೆ ಗುಮ್ಮಟ. ಅಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಎದುರುಬದುರು ಮೂಲೆಗಳಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. “ಹೋಮ್‌ವರ್ಕ್ ಮಾಡಿಲ್ಲ ಕಾಣ್ತದೆ,” ಎಂದರು ಅಪ್ಪ. ಆದರೆ ಹುಡುಗಿ ನಗುತ್ತಿದ್ದಳು. ಅವರು ಹೋಗುವಾಗ ನಮಗೆ ಸನ್ನೆಯಲ್ಲಿ ತಿಳಿಸಿದರು: ಈ ಮೂಲೆಯಲ್ಲಿ ಪಿಸುಗುಟ್ಟಿದ್ದು ಕಮಾನಿನ ಮೇಲೆ ಹರಿದು ಆ ಮೂಲೆಯಲ್ಲಿ ಕೇಳುತ್ತದೆ, ನಡುವೆ ನಿಂತವರಿಗೆ ಕೇಳುವುದಿಲ್ಲ.

ಅಪ್ಪ ಆಚೆ ಮೂಲೆಗೆ ಹೋದರು. ನಾನು ಈಚೆ, ಕಲ್ಲಿಗೆ ಕಿವಿಯಿಟ್ಟು ನಿಂತೆ. ಕಿವಿಯ ಪಕ್ಕದಲ್ಲೇ ಅಪ್ಪನ ಧ್ವನಿ ಬಂತು.

“ಹಲೋ. ಒಂದು ಮಸಾಲೆ, ಎರಡು ಇಡ್ಲಿ-ವಡೆ.”

“ಪಾರ್ಸೆಲ್ಲಾ, ಇಲ್ಲೇನಾ?” ಎಂದೆ.

ಅಪ್ಪನ ನಗು ಕಲ್ಲಿನಲ್ಲಿ ಹರಿದು ಬಂತು. ಮುಗಿಯಿತೆಂದು ತಿರುಗುವವಳಿದ್ದೆ.

“ಮಗಾ, ಆ ದಿನ ಅಮ್ಮ ಕೇಳಿದ್ದಳು, ರಿಟರ್ನ್ ಹೋಗ್ತೀರಾ ಅಂತ. ನಾನು ಹಾಲಿನವನ ನೆಪ ಹೇಳಿದೆ. ಹಾಲಿನವ ಹೇಗೂ ಕಾಯ್ತಿದ್ದ. ನಾನು ಹೋಗಬಹುದಿತ್ತು.”

ನನ್ನ ಹಣೆ ಕಲ್ಲಿಗೆ ತಾಗಿತ್ತು. ಕಲ್ಲು ತಣ್ಣಗಿತ್ತು.

“ಗೊತ್ತುಂಟಪ್ಪ. ನಾನು ಒಳಗಿದ್ದೆ. ಕೇಳಿಸಿತ್ತು.”

ನಮ್ಮ ನಡುವೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

“ಗೊತ್ತಿದ್ದೂ ದಿನಾ ಆ ಸೀಟಿನಲ್ಲಿ ಕೂತೆಯಲ್ಲ.”

“ಕೂತೆ. ನಿಮಗೆ ಶಿಕ್ಷೆ ಅಂತ ಕೂತೆ.”

ಮುಖ ನೋಡಿ ಈ ಮಾತು ನನ್ನಿಂದ ಬರುತ್ತಿರಲಿಲ್ಲ. ತಿರುಗಿದಾಗ ಅಪ್ಪ ಇನ್ನೂ ಗೋಡೆಗೆ ಮುಖ ಮಾಡಿಯೇ ನಿಂತಿದ್ದರು. ಹಿಂದೆ ಒಂದು ಮಗು ತನ್ನ ಸರದಿಗೆ ಕಾಯುತ್ತಿತ್ತು. ನಾನು ಹೋಗಿ ಅವರ ತೋಳು ಹಿಡಿದೆ. ಚೌಕದ ಮೆಟ್ಟಿಲ ಮೇಲೆ ಕೂತು ಬನ್ನು, ಚಕ್ಕುಲಿ ತಿಂದೆವು. ಸಂಜೆಯ ರೈಲಿನಲ್ಲಿ ಬೇರೊಬ್ಬ ತಪಾಸಣೆಯವನು ನೀಲಿ ಸಾಲುಗಳನ್ನು ಓದಿ, ಟಿಕೆಟು ಮಡಿಸಿ ಅಪ್ಪನ ಕೈಗೇ ಕೊಟ್ಟ.

ಊರಿಗೆ ಬಂದ ಮೊದಲ ಸೋಮವಾರ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. “ಬೇಡಪ್ಪ, ಇನ್ನು ನಾನು ಲೇಡೀಸಿನಲ್ಲಿ ಹೋಗ್ತೇನೆ,” ಎಂದೆ. ಅವರು ಚಪ್ಪಲಿ ಕಳಚಿದರು. “ಬಾಗಿಲಲ್ಲಿ ನಿಲ್ಲಬೇಡ,” ಎಂದರು, ಅಷ್ಟೇ. ಅಲ್ಲಿಗೆ ಎಲ್ಲ ತೀರಿತು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಆ ಬೆಳಗ್ಗೆ ಕೇಳಿದ್ದನ್ನು ಕೇಳಿದ ಹಾಗೆ ನೆನಪಿಟ್ಟವಳು ಎಂಬ ಸಣ್ಣ ಹೆಮ್ಮೆಯೂ ನನಗಿತ್ತು.

ಈಗ ನಾವು ಡೊಂಬಿವಲಿ ಬಿಟ್ಟು ಸಾನಪಾಡಾದಲ್ಲಿದ್ದೇವೆ. ಟಿಕೆಟು ಸಿಕ್ಕಿದ ಮಧ್ಯಾಹ್ನ ಅದನ್ನು ಅಪ್ಪನ ಮುಂದೆ ಹಿಡಿದೆ. “ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ?”

“ಕಿಸೆಯಲ್ಲಿ ಕಾಸಿಲ್ಲದೆ ಅಷ್ಟು ಚಂದದ ದಿನ ನನಗೆ ಇನ್ನೊಂದಿಲ್ಲ.” ಟಿಕೆಟು ಕೈಗೆ ತೆಗೆದುಕೊಂಡು ಹೇಳಿದರು: “ನೀನು ಅಮ್ಮ ಹೋದ ದಿನ ಬೆಳಗ್ಗೆ ಪೂರ್ತಿ ಕೇಳಿರಲಿಕ್ಕಿಲ್ಲ. ಒಳಗೆ ಕುಕ್ಕರ್ ಕೂಗ್ತಾ ಇತ್ತು.”

“ಮತ್ತೆ ಏನಿತ್ತು?”

“ನಿಂತು ಹೋಗು ಅಂದೆನಲ್ಲ. ಅದಕ್ಕೆ ಅಮ್ಮ, ‘ಆಯ್ತು, ಹಾಗಾದ್ರೆ ನಾಳೆ ಬನ್ನಿ. ಆದ್ರೆ ಕಿಟಕಿ ಬದಿಯದ್ದೇ ಆಗ್ಬೇಕು, ಇಲ್ಲದಿದ್ರೆ ನಾನು ಕೂರುದಿಲ್ಲ,’ ಅಂದಳು. ನಗಾಡಿಕೊಂಡು ಮೆಟ್ಟಿಲಿಳಿದು ಹೋದಳು.”

ನಾಲ್ಕು ವರ್ಷ ನಾನು ಶಿಕ್ಷೆಯೆಂದು ಕೂತದ್ದು ಅಮ್ಮ ಕೇಳಿದ ಸೀಟಿನಲ್ಲಿ.

“ಇಷ್ಟು ವರ್ಷ ಯಾಕೆ ಹೇಳಲಿಲ್ಲಪ್ಪ?”

“ಹೇಳಿದರೆ ನನ್ನ ತಪ್ಪು ಸ್ವಲ್ಪ ಸಣ್ಣದಾಗ್ತಿತ್ತು. ಅದು ಬೇಡ ಅಂತ ಕಂಡಿತು.”

ನಾನು ಒಂದು ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂತೆ. “ಹೇಗೆ ನಗಾಡಿದಳು? ತೋರಿಸಿ.”

ಅಪ್ಪ ನಾಚಿಕೊಂಡರು. ಆಮೇಲೆ ಕತ್ತು ಸ್ವಲ್ಪ ಎಡಕ್ಕೆ ವಾಲಿಸಿ, ಸೆರಗಿನ ತುದಿ ಹಿಡಿದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, ಮೂಗಿನಲ್ಲಿ ಶುರುವಾಗಿ ಗಂಟಲಿಗೆ ಇಳಿಯುವ ಒಂದು ನಗು ನಕ್ಕರು. ನಾನು ಅದನ್ನು ಮರೆತೇಬಿಟ್ಟಿದ್ದೆ. ಹೌದು, ಹಾಗೆಯೇ ಇತ್ತು.

“ಇನ್ನೊಮ್ಮೆ,” ಎಂದೆ.